ಎಲ್ಲ ಕಲ್ಲೂ ಹಳದಿಯಾದ ಚಳಿಗಾಲ

ಮೊನ್ನೆ ಜಹೀರಾಬಾದಿನ ನಮ್ಮ ಓಣಿಯಲ್ಲಿ ಹೊಸ ಮನೆಯೊಂದಕ್ಕೆ ನೆಲ ಹಾಸುತ್ತಿದ್ದರು. ತಾಂಡೂರಿನ ಕಲ್ಲು. ಗೌಂಡಿ ಒಂದು ಕೊಡ ನೀರು ತಂದು ಹಾಸಿದ ಕಲ್ಲಿನ ಮೇಲೆ ಸುರಿದ. ಬಿಸಿಲಿಗೆ ಕಾದ ಆ ಕಲ್ಲು ನೀರು ಕುಡಿಯುವಾಗ ಒಂದು ವಾಸನೆ ಏಳುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆಯಲ್ಲ ಅದು, ಅದಕ್ಕಿಂತ ತಣ್ಣಗೆ, ಸ್ವಲ್ಪ ಸುಣ್ಣದ್ದು, ಸ್ವಲ್ಪ ಕಬ್ಬಿಣದ್ದು. ಮೊಸರು ತರಲು ಹೊರಟವನು ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಗೌಂಡಿ ತಲೆ ಎತ್ತಿ, "ಯಾರ್ ಬೇಕಾಗ್ಯಾರ್ರಿ ಕಾಕಾ?" ಎಂದು ಕೇಳಿದ. ಯಾರೂ ಬೇಡಪ್ಪ ಎಂದೆ. ನನಗೆ ಬೇಕಾಗಿದ್ದು ತಾಂಡೂರಿನ ಒಂದು ಚಳಿಗಾಲ, ಅದನ್ನು ಅವನಿಗೆ ಹೇಗೆ ಹೇಳಲಿ?

ಇಪ್ಪತ್ತಾರು ವರ್ಷ ನಾನು ತಾಂಡೂರಿನಲ್ಲಿ ಕಲ್ಲಿನ ಬಣ್ಣ ಹೇಳಿ ಹೊಟ್ಟೆ ಹೊರೆದವನು. ನಗಬೇಡಿ, ಅದೂ ಒಂದು ಕೆಲಸವೇ. ಗಣಿಯಿಂದ ಬಂದ ಹಾಸುಗಲ್ಲು ಯಂತ್ರದಲ್ಲಿ ನುಣುಪಾಗಿ ಹೊರಬಂದಾಗ ಮೈತುಂಬ ಬೂದಿ ಬಳಿದುಕೊಂಡ ಸನ್ಯಾಸಿಯ ಹಾಗಿರುತ್ತದೆ. ನೀಲಿಯೋ ಹಳದಿಯೋ ಅದರಪ್ಪನಿಗೂ ತಿಳಿಯದು. ಒಂದು ಮಗ್ಗು ನೀರು ಎರಚಬೇಕು, ಆ ನೀರು ಆರುವುದರೊಳಗೆ ಬಣ್ಣ ಹೇಳಿಬಿಡಬೇಕು. ನೀಲಿಯಾದರೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಹಳದಿಯಾದರೆ ಎರಡು. ಎರಡರ ನಡುವೆ ಹಸಿರುಹಸಿರಾಗಿ ನಿಂತು ಆಟವಾಡಿಸುವ ಕಲ್ಲುಗಳೂ ಇರುತ್ತವೆ, ಅವುಗಳ ಎದುರಿಗೇ ಈ ಕೆಲಸದವನ ಬೆಲೆ ಗೊತ್ತಾಗುವುದು. "ಮಾಣಿಕಪ್ಪ ಗೆರಿ ಎಳದ್ರ ಮುಗೀತು" ಎಂದು ನಮ್ಮ ಸಾವುಕಾರರು ಗಿರಾಕಿಗಳ ಮುಂದೆ ಹೇಳುವಾಗ ನಾನು ಕೇಳಿಸದವನ ಹಾಗೆ ಅತ್ತ ತಿರುಗಿ ನಿಲ್ಲುತ್ತಿದ್ದೆ. ಕೇಳಿಸುತ್ತಿತ್ತು. ಬಹಳ ಚೆನ್ನಾಗಿ ಕೇಳಿಸುತ್ತಿತ್ತು.

ಆ ವರ್ಷದ ಶ್ರಾವಣದಲ್ಲಿ ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ನನ್ನ ಎದೆ ಸೀಳಿ ಹಾಳಾದ ಕವಾಟ ತೆಗೆದು ಲೋಹದ್ದೊಂದು ಕೂರಿಸಿದರು. ಕೂರಿಸಿದ್ದು ಚೆನ್ನಾಗಿಯೇ ಕೂತಿತು. ಮನೆಗೆ ಬಂದ ಮೊದಲ ವಾರ ನನ್ನ ಹೆಂಡತಿ ಕಸ್ತೂರಿ ಗೋಡೆಗೆ, ಕಪಾಟಿಗೆ ಕಿವಿಯಿಟ್ಟು ಏನನ್ನೋ ಹುಡುಕಿದಳು. "ಮನ್ಯಾಗ ಗಡಿಯಾರ ಇಲ್ಲ, ಟಿಕ್ ಟಿಕ್ ಅಂತದ ನೋಡ್ರಿ" ಎಂದಳು. ನನ್ನ ಎದೆಯೇ ಅದು ಎಂದು ಗೊತ್ತಾದಾಗ ಒಂದು ಕ್ಷಣ ಬೆದರಿ, ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಚಲೋ ಆತು ಬಿಡ್ರಿ. ಎಲ್ಲಿ ಅಡಗಿ ಕುಂತ್ರೂ ಸಿಗ್ತೀರಿ."

ಆದರೆ ಬಡಿತ ಮಾತ್ರ ನೆಟ್ಟಗಾಗಲಿಲ್ಲ. ಗಡಿಯಾರವಾಗಿದ್ದರೆ ಸರಿಯಾಗಿ ಹೊಡೆಯಬೇಕಲ್ಲ? ನನ್ನದು ಎರಡು ಹೆಜ್ಜೆ ಓಡಿ, ಒಂದು ನಿಂತು, ಮತ್ತೆ ಮೂರು ಎಡವುವ ಕುಂಟೆತ್ತು. ಕೆಲವರಿಗೆ ಹೀಗಾಗುತ್ತದೆ, ಗುಳಿಗೆಯಿಂದ ಹತೋಟಿಯಲ್ಲಿಡಬಹುದು ಎಂದರು ಡಾಕ್ಟರು. ಗುಳಿಗೆಗಳೋ, ಒಂದೊಂದಕ್ಕೆ ಒಂದೊಂದು ಹುಚ್ಚು. ರಕ್ತ ತೆಳುವಾಗಿಡುವ ಗುಳಿಗೆಯಿಂದ ಗಡ್ಡ ಹೆರೆಯುವಾಗ ಕಡ್ಡಿಯಷ್ಟು ಗೀರಿದರೂ ಅರ್ಧ ಟವಲ್ಲು ಕೆಂಪಾಗುತ್ತಿತ್ತು. ನೀರಿಳಿಸುವ ಗುಳಿಗೆ ಮುಂಜಾನೆ ಪೂರ್ತಿ ನನ್ನನ್ನು ಹಿತ್ತಲಿಗೆ ಓಡಿಸುತ್ತಿತ್ತು. ಇನ್ನೊಂದು ಗುಳಿಗೆ ಕೈಕಾಲು ತಣ್ಣಗೆ ಮಾಡಿ, ಕಣ್ಣು ಮುಚ್ಚಿದರೆ ಸಾಕು, ಎಂಥೆಂಥ ಕನಸು ತರುತ್ತಿತ್ತು! ನೀರು ತುಂಬಿದ ಹಳೆಯ ಗಣಿ. ಆ ನೀರಿನ ಮೇಲೆ ಹಾಸುಗಲ್ಲುಗಳು ಮುತ್ತುಗದ ಎಲೆಯ ಹಾಗೆ ತೇಲುತ್ತಿವೆ. ನಾನು ಒಂದರಿಂದ ಇನ್ನೊಂದಕ್ಕೆ ದಾಟುತ್ತ ಗೆರೆ ಎಳೆಯುತ್ತಿದ್ದೇನೆ, ಯಾವುದೂ ಮುಳುಗುವುದಿಲ್ಲ. ಎದ್ದು ಕೂತಾಗ ಎಚ್ಚರವೇ ಸುಳ್ಳು ಎನ್ನಿಸುತ್ತಿತ್ತು.

ಇವೆಲ್ಲದರ ನಡುವೆ ಒಂದು ಸಣ್ಣ ಬಿಳಿ ಗುಳಿಗೆ. ಬಡಿತಕ್ಕೆ ಲಗಾಮು ಹಾಕುವುದು ಅದರ ಕೆಲಸ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು, ಶನಿವಾರ ಭಾನುವಾರ ಕಡ್ಡಾಯವಾಗಿ ಬಿಡಬೇಕು, ಮೈಯಲ್ಲಿ ಉಳಿದುಕೊಂಡರೆ ವಿಷವಾಗುತ್ತದೆ ಎಂದು ಡಾಕ್ಟರು ತೆಲುಗಿನಲ್ಲಿ ನಿಧಾನವಾಗಿ ಎರಡು ಸಲ ಹೇಳಿದ್ದರು. ಕಸ್ತೂರಿಗೆ ಓದು ಬರಹ ಇಲ್ಲ. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಜಗಳಾಡುತ್ತಾಳೆ, ಒಂದರಲ್ಲೂ ಸಹಿ ಮಾಡಲಾರಳು. ಅವಳು ಮಾಡಿದ ಉಪಾಯ ನೋಡಿ: ಅಡುಗೆಮನೆಯ ಮಸಾಲೆ ಡಬ್ಬಿಯನ್ನು ಖಾಲಿ ಮಾಡಿ, ಬೂದಿ ಹಾಕಿ ತಿಕ್ಕಿ ತೊಳೆದಳು. ಅದರಲ್ಲಿ ಏಳು ಬಟ್ಟಲು. ಸುತ್ತಲಿನ ಆರು ಸೋಮವಾರದಿಂದ ಶನಿವಾರ, ನಡುವಿನದು ಭಾನುವಾರ. ಐದು ಬಟ್ಟಲಿಗೆ ಬಿಳಿ ಗುಳಿಗೆ, ಎರಡಕ್ಕೆ ಇಲ್ಲ. ಎಷ್ಟು ತಿಕ್ಕಿದರೂ ಜೀರಿಗೆ ವಾಸನೆ ಹೋಗಿರಲಿಲ್ಲ. ನನ್ನ ಗುಳಿಗೆಗಳೆಲ್ಲ ಒಗ್ಗರಣೆ ಹಾಕಿದವೇ. ಒಂದು ದಿನವೂ ಅವಳ ಕೈ ತಪ್ಪಲಿಲ್ಲ.

ತಪ್ಪಿದ್ದು ನಾನು. ಬೇಕೆಂದೇ ತಪ್ಪಿದ್ದು.

ಶನಿವಾರ ಬಂತೆಂದರೆ ನನಗೆ ಜೀವ ಕೈಯಲ್ಲಿ. ಲಗಾಮಿನ ಗುಳಿಗೆ ಇಲ್ಲದ ದಿನ ಎದೆ ಹೆಚ್ಚು ಎಡವುತ್ತದೆ ಎಂದು ನಂಬಿಬಿಟ್ಟಿದ್ದೆ. ಒಂದು ಬಡಿತ ಬಂದು ಮುಂದಿನದು ತಡವಾದಾಗ ನಡುವೆ ಒಂದು ಖಾಲಿ ಇರುತ್ತದಲ್ಲ, ಆ ಖಾಲಿಯಲ್ಲಿ ನಾನು ಎಷ್ಟು ಸಲ ಸತ್ತಿದ್ದೇನೋ. ಕೂತಲ್ಲೇ ಮುಂಗೈ ಹಿಡಿದು ಎಣಿಸುತ್ತಿದ್ದೆ. ಕೊನೆಗೆ ನನ್ನದೇ ಒಂದು ತರ್ಕ ಹೂಡಿದೆ. ನಮ್ಮ ಕಡೆ ಎತ್ತಿಗೆ ಸೋಮವಾರ ಸೂಟಿ, ಬಸವಣ್ಣನ ವಾರ ಎಂದು ನೊಗ ಹೂಡುವುದಿಲ್ಲ. ನಮ್ಮ ಕಲ್ಲಿನ ಯಂತ್ರಗಳಿಗೆ ಅಮಾವಾಸ್ಯೆ ಒಂದೇ ಸೂಟಿ. ಅಂದು ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದು ಸುಮ್ಮನೆ ಬಿಡುತ್ತೇವೆ, ಉಳಿದ ದಿನ ಭಾನುವಾರವೂ ತಿರುಗುತ್ತವೆ. ಹಾಗಿದ್ದ ಮೇಲೆ ಈ ಕಡಲೆಬೇಳೆಯಷ್ಟು ಗುಳಿಗೆಗೆ ವಾರಕ್ಕೆ ಎರಡು ಸೂಟಿ ಎಂಥದ್ದು? ಇದೇನು ಸರ್ಕಾರಿ ನೌಕರಿಯೇ? ದಸರೆಯ ಹೊತ್ತಿಗೆ ಹಳೆಯ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ಇನ್ನೊಂದು ಪಟ್ಟಿ ಗುಳಿಗೆ ತಂದೆ. ಮೈ ಸ್ವಲ್ಪ ಹಗುರಾದ ಮೇಲೆ ಮತ್ತೆ ನಮ್ಮ ಕಲ್ಲಿನ ಯಾರ್ಡಿಗೆ ಹೋಗತೊಡಗಿದೆನಲ್ಲ, ಅಲ್ಲಿ ಸೀಮೆಸುಣ್ಣದ ಡಬ್ಬಿಯ ತಳದಲ್ಲಿ ಅದನ್ನು ಬಚ್ಚಿಟ್ಟೆ. ಶನಿವಾರ, ಭಾನುವಾರ ಚಹಾದ ಜೊತೆ ಒಂದೊಂದು ನುಂಗುತ್ತಿದ್ದೆ. ಅಮಾವಾಸ್ಯೆಗೆ ಮಾತ್ರ ಬಿಡುತ್ತಿದ್ದೆ, ಯಂತ್ರದ ಮರ್ಯಾದೆಗೆ. ಕಸ್ತೂರಿಗೆ ಹೇಳಲಿಲ್ಲ. ಹೇಳಿದ್ದರೆ ಮೂರೂ ಭಾಷೆ ಕೇಳಬೇಕಾಗುತ್ತಿತ್ತು.

ದೀಪಾವಳಿಯ ಆಚೆ ಚಳಿ ಬಿತ್ತು, ಮತ್ತು ಲೋಕ ಬಣ್ಣ ಬದಲಿಸಿತು. ಒಂದೇ ದಿನಕ್ಕಲ್ಲ. ಮೊದಲು ಬೆಳಗಿನ ಮಂಜಿಗೆ ಒಂದು ಎಳೆ ಕೆನೆಬಣ್ಣ ಬಂತು. ಆಮೇಲೆ ಬಿಸಿಲಿಗೆ. ಆಮೇಲೆ ಯಾರ್ಡಿನ ಕಲ್ಲಿನ ಪುಡಿ, ಲಾರಿಗಳ ಹೊಗೆ, ರೈಲು ಹಳಿಯಾಚೆ ಒಣಹಾಕಿದ ಪಂಚೆಗಳು, ಎಲ್ಲದರ ಮೇಲೂ ಯಾರೋ ತೆಳ್ಳಗೆ ಜೇನು ಸವರಿದಂತೆ. ಕಂದೀಲಿನ ಹಾಗೆ ಪ್ರತಿ ದೀಪಕ್ಕೂ ಒಂದು ಬಂಗಾರದ ಉಂಗುರ. ನನಗೆ ಒಂದಿಷ್ಟೂ ಹೆದರಿಕೆಯಾಗಲಿಲ್ಲ. ಹೆದರಿ ಹೆದರಿ ದಣಿದಿದ್ದ ಜೀವ. ಬದುಕಿ ಬಂದವನಿಗೆ ದೇವರು ಲೋಕವನ್ನು ತೊಳೆದು ಕೊಟ್ಟಿದ್ದಾನೆ ಅಂದುಕೊಂಡೆ. ಎದೆಯೂ ಈಗ ಓಡುತ್ತಿರಲಿಲ್ಲ, ನಿಧಾನ, ಬಹಳ ನಿಧಾನ. ನನ್ನ ತರ್ಕವೇ ಗೆದ್ದಿತು ಎಂದು ಬೀಗಿದೆ. ಖರೆ ಹೇಳುತ್ತೇನೆ, ನನ್ನ ಆಯುಷ್ಯದಲ್ಲಿ ಅಷ್ಟು ಚೆಂದದ ದಿನಗಳನ್ನು ನಾನು ಕಂಡಿಲ್ಲ. ಇವತ್ತಿಗೂ ಅವುಗಳ ಆಸೆ ಹೋಗಿಲ್ಲ.

ಎಳ್ಳಮಾವಾಸ್ಯೆಗೆ ಕಸ್ತೂರಿಯ ತವರಿಗೆ ಹೋದೆವು, ನಾರಾಯಣಖೇಡದ ಆಚೆ ಕಂಗ್ಟಿಯ ಹತ್ತಿರ. ಜೋಳದ ಹೊಲದ ನಡುವೆ ಕಂಬಳಿ ಹಾಸಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಎಲ್ಲ ಹರವಿದ್ದರು. ಬದುವಿನ ಗುಂಟ ಕುಸುಬಿ ಆಗಷ್ಟೇ ಹಳದಿ ಹೂ ಬಿಟ್ಟಿತ್ತು. ಭೂಮಿತಾಯಿಗೆ ಎಡೆಯೆಂದು ಹೊಲದ ಸುತ್ತ ಚರಗ ಚೆಲ್ಲುತ್ತ ಹೋದವರ ಕೂಗು ದೂರವಾಗುತ್ತ, ಹತ್ತಿರವಾಗುತ್ತ, ಬಂಗಾರದ ಗಾಳಿಯಲ್ಲಿ ತೇಲುತ್ತಿತ್ತು. ಇಡೀ ಆಕಾಶವೇ ಕುಸುಬಿಯದು. "ಈ ಸಲ ಕುಸುಬಿ ಹೂ ಭಾಳ ಬಿಟ್ಟದ ನೋಡು, ಕಣ್ಣು ತುಂಬತದ" ಎಂದೆ.

ಕಸ್ತೂರಿ ಬದುವಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಎರಡು ಸಾಲು ಅದ್ರಿ. ಅದೂ ಅರ್ಧ ಮೊಗ್ಗು. ನೀವು ಮೊದಲ ಉಣ್ರಿ."

ಉಣ್ಣಲಾಗಲಿಲ್ಲ. ವಾರದಿಂದ ಅನ್ನ ಕಂಡರೆ ಓಕರಿಕೆ. ವರ್ಷಪೂರ್ತಿ ಭಜ್ಜಿಗಾಗಿ ಬಾಯಿ ಬಿಡುತ್ತಿದ್ದವನು ಎರಡು ತುತ್ತಿಗೆ ಎಲೆ ಸರಿಸಿದೆ. ಅವಳ ಮುಖ ಇಳಿದದ್ದು ಕಂಡಿತು. ಚಳಿ ಅದ, ಪಿತ್ತ ಅದ ಎಂದು ಏನೋ ಹೇಳಿ ಜಾರಿಕೊಂಡೆ.

ತಾಂಡೂರಿಗೆ ಮರಳಿದ ಎರಡನೇ ದಿನ ಯಾರ್ಡಿನಲ್ಲಿ ಖಾಜಾನ ಮೇಲೆ ಹರಿಹಾಯ್ದೆ. ಖಾಜಾ ನನ್ನ ಜೊತೆಗೆ ಇಪ್ಪತ್ತು ವರ್ಷದಿಂದ ನೀರು ಎರಚಿದವನು. ನಾನು ಗೆರೆ ಎಳೆದ ಕಲ್ಲನ್ನು ಅದರದರ ಸಾಲಿಗೆ ಒರಗಿಸುವುದು ಅವನ ಕೆಲಸ. ಅಂದು ಒಂದು ಕಲ್ಲಿಗೆ ಎರಡು ಗೆರೆ ಎಳೆದೆ. ಅವನು ಎತ್ತಲಿಲ್ಲ. ಇನ್ನೊಂದು ಮಗ್ಗು ನೀರು ಹಾಕಿದ.

"ಮಾಣಿಕಪ್ಪ ಭಾಯ್, ಇದು ನೀಲಿ ಅದ."

"ನನಗ ಬಣ್ಣ ಹೇಳಾಕ ಬಂದೇನೋ? ಇಪ್ಪತ್ತಾರು ವರ್ಷ ಆತು. ಹಳದಿ ಅಂದ್ರ ಹಳದಿ!"

ಅವನು ಕಲ್ಲನ್ನು ಹಳದಿ ಸಾಲಿಗೆ ಒರಗಿಸಿ, ಮಗ್ಗು ಕೆಳಗಿಟ್ಟು, ಬೀಡಿ ಹಚ್ಚಿಕೊಂಡು ದೂರ ಹೋಗಿ ಕೂತ. ನಾನು ಗೆದ್ದೆ ಎಂದುಕೊಂಡೆ.

ಆ ಸಂಜೆ ಅವನು ನಮ್ಮ ಮನೆಗೆ ಬಂದ, ಚೀಲದಲ್ಲಿ ಎರಡು ಕಲ್ಲಿನ ಚೂರು ಹಾಕಿಕೊಂಡು. ಅಂಗಳದಲ್ಲಿ ಅವನ್ನು ಜೋಡಿಸಿಟ್ಟು ಕಸ್ತೂರಿಯ ಹತ್ತಿರ ಒಂದು ಚೊಂಬು ನೀರು ಕೇಳಿದ. "ಭಾಭೀ, ನೀವೂ ನೋಡ್ರಿ" ಎಂದು ಸುರಿದ. "ಭಾಯ್, ಯಾವ್ದು ಯಾವ್ದು?"

ನೋಡಿದೆ. ಎರಡೂ ಹಳದಿ. "ತಮಾಷಿ ಮಾಡ್ತೀಯೇನು? ಎರಡೂ ಒಂದೇ ಗಣಿದು" ಎಂದೆ.

ಕಸ್ತೂರಿ ಚೊಂಬನ್ನು ಮೆಲ್ಲಗೆ ಕೆಳಗಿಟ್ಟಳು. "ಒಂದು ನೀಲಿ ಅದ್ರಿ," ಎಂದಳು, ಸಣ್ಣ ದನಿಯಲ್ಲಿ. "ನಿಮ್ಮ ಮೈಮ್ಯಾಲಿನ ಅಂಗಿ ಯಾವ ಬಣ್ಣ?"

"ಕೆನಿಬಣ್ಣ."

"ಬಿಳಿ. ಹಳದಿ ಆಗ್ಯಾದ ಅಂತ ನಿನ್ನಿ ನೀವೇ ನೀಲಿ ಹಾಕಿ ಒಗಿಸಿದ್ರಿ."

ಖಾಜಾ ನೆಲ ನೋಡುತ್ತ ಹೇಳಿದ, ಮೂರು ವಾರದಿಂದ ನಾನು ತಪ್ಪು ಗೆರೆ ಎಳೆಯುತ್ತಿದ್ದೆನಂತೆ. ನಾನು ಮನೆಗೆ ಹೋದ ಮೇಲೆ ಅವನೊಬ್ಬನೇ ಪ್ರತಿ ದಿನ ಆ ಕಲ್ಲುಗಳನ್ನೆಲ್ಲ ಒರೆಸಿ, ಗೆರೆ ತಿದ್ದಿ, ಸಾಲು ಬದಲಿಸುತ್ತಿದ್ದನಂತೆ, ಸಾವುಕಾರರ ಕಣ್ಣಿಗೆ ಬೀಳದ ಹಾಗೆ. "ಬೈತೀರಿ ಅಂತ ಅಂಜಿಕಿ ಇರಲಿಲ್ಲ ಭಾಯ್. ನಿಮಗ ಏನೋ ಆಗ್ಯಾದ ಅಂತ ಅಂಜಿಕಿ" ಎಂದ. ಹಾಸುಗಲ್ಲು ಎಂದರೆ ಹೂವಿನ ಹಾರವಲ್ಲ, ದಿನಕ್ಕೆ ನೂರಾರು ಎತ್ತಿಡುವುದು. ಕಸ್ತೂರಿ ನನ್ನ ಮುಂಗೈ ಹಿಡಿದು ತುಟಿ ಅಲ್ಲಾಡಿಸುತ್ತ ಎಣಿಸಿದಳು. ಎಣಿಸುತ್ತ ಎಣಿಸುತ್ತ ಅವಳ ತುಟಿ ನಿಂತೇಹೋಯಿತು. ಒಂದು ಬಡಿತ ಬಂದ ಮೇಲೆ ಇನ್ನೊಂದಕ್ಕೆ ಅವಳು ಕಾಯುತ್ತಿದ್ದಳು.

ಮರುದಿನ ಬೆಳಗಾಗುವ ಹೊತ್ತಿಗೆ ಹೈದರಾಬಾದಿನಲ್ಲಿದ್ದೆವು. ಎದೆಗೆ ತಂತಿ ಅಂಟಿಸಿ, ರಕ್ತ ತೆಗೆದು ನೋಡಿದರು. ಡಾಕ್ಟರು ವಯಸ್ಸಿನಲ್ಲಿ ಜಹೀರಾಬಾದಿಗೆ ಕೊಟ್ಟ ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವರಿರಬೇಕು. ಆ ಸಣ್ಣ ಗುಳಿಗೆ ಮೈಯಲ್ಲಿ ತುಂಬಿಕೊಂಡು ವಿಷವಾಗಿದೆ, ಹಸಿವು ಸತ್ತದ್ದೂ ಬಡಿತ ಕುಸಿದದ್ದೂ ಕಣ್ಣಿಗೆ ಹಳದಿ ಕಟ್ಟಿದ್ದೂ ಅದರಿಂದಲೇ, ಇನ್ನೊಂದು ವಾರ ತಡೆದಿದ್ದರೆ ಎದೆ ನಿಂತೇಬಿಡುತ್ತಿತ್ತು ಎಂದರು. ಆಮೇಲೆ ಕೇಳಿದರು, ಮನೆಯಲ್ಲಿ ಗುಳಿಗೆ ಕೊಡುವವರು ಯಾರು?

ಕಸ್ತೂರಿ ಮುಂದೆ ಬಂದು ಚೀಲದಿಂದ ಮಸಾಲೆ ಡಬ್ಬಿ ತೆಗೆದು ತೋರಿಸಿದಳು. ಡಾಕ್ಟರು ಮುಚ್ಚಳ ತೆರೆದರು. ಜೀರಿಗೆ ವಾಸನೆ ಬಂತು. ಓದಲು ಬಾರದಿದ್ದರೆ ಯಾರನ್ನಾದರೂ ಕೇಳಬೇಕಲ್ಲಮ್ಮಾ, ಇದು ಅಡುಗೆಯೇ, ಮನುಷ್ಯನ ಜೀವ ಅಲ್ಲವೇ ಎಂದರು. ಜೋರಾಗಿಯೇ ಅಂದರು. ಪಕ್ಕದ ಮಂಚದವರು ತಿರುಗಿ ನೋಡಿದರು. ಕಸ್ತೂರಿ ಕೈ ಮುಗಿದು, "ನನ್ನ ಕೈಯೇ ತಪ್ಪಿರಬೇಕು ಸಾರೂ" ಎಂದು ತೆಲುಗಿನಲ್ಲಿ ಹೇಳಿದಳು.

ನಾನು ಸುಮ್ಮನಿದ್ದೆ.

ಎರಡು ದಿನ ಸುಮ್ಮನಿದ್ದೆ. ಗುಳಿಗೆ ನಿಲ್ಲಿಸಿದ್ದಾರೆ, ಹೇಳಿ ಏನುಪಯೋಗ ಎಂದುಕೊಂಡೆ. ವಾಸಿಯಾದ ಮೇಲೆ ಮನೆಯಲ್ಲಿ ಹೇಳಿದರಾಯಿತು ಎಂದುಕೊಂಡೆ. ಸುಳ್ಳು. ಆ ಎಳೆಯ ಡಾಕ್ಟರ ಮುಂದೆ, ಆ ಮಂಚಗಳ ಸಾಲಿನ ಮುಂದೆ, ಕದ್ದು ಗುಳಿಗೆ ನುಂಗಿದ ಮುದುಕ ಅನ್ನಿಸಿಕೊಳ್ಳಲು ನಾಚಿಕೆ. ಇಪ್ಪತ್ತಾರು ವರ್ಷ ತಪ್ಪದ ಕಣ್ಣಿನವನು ನಾನು. ತಪ್ಪು ಓದಲು ಬಾರದವಳ ತಲೆಯ ಮೇಲೆ ಕೂತರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ ಎಂದು ನನ್ನೊಳಗಿನ ಒಬ್ಬ ಹೇಡಿ ಲೆಕ್ಕ ಹಾಕಿದ್ದ. ಗೋಡೆಯ ಹಳದಿ ಗಂಟೆಗಂಟೆಗೂ ತೆಳುವಾಗುತ್ತಿತ್ತು, ಮತ್ತು ಅದು ಹೋಗುತ್ತಿರುವುದಕ್ಕೆ ನನಗೆ ದುಃಖವೂ ಆಗುತ್ತಿತ್ತು. ಎಂಥ ಮನುಷ್ಯ ನೋಡಿ.

ಮೂರನೆಯ ದಿನ ಮುಂಜಾನೆ ಕಣ್ಣು ಬಿಟ್ಟಾಗ ಕಸ್ತೂರಿ ಮಂಚದ ಬದಿಗೆ ನೆಲದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಖಾಲಿ ಡಬ್ಬಿ. ಒಂದೊಂದು ಬಟ್ಟಲಿನ ಮೇಲೆ ಬೆರಳಿಟ್ಟು ವಾರದ ಹೆಸರು ಹೇಳುತ್ತಿದ್ದಳು. ಶನಿವಾರದ ಹತ್ತಿರ ಬಂದು ನಿಲ್ಲುವಳು. ಮತ್ತೆ ಸೋಮವಾರದಿಂದ. ಕಣ್ಣಿನ ಕೆಳಗೆ ಕಪ್ಪು. ಎರಡು ರಾತ್ರಿ ಮಲಗಿರಲಿಲ್ಲ ಎಂದು ತಿಳಿಯುತ್ತಿತ್ತು.

"ಏನು ಮಾಡಾಕತ್ತಿ?"

"ಖಾಲಿ ಬಿಡ್ತಿದ್ದೆ ಅನಸ್ತದ್ರಿ. ಖಾಲಿ ಬಿಟ್ಟಂಗೇ ನೆನಪದ. ಎಲ್ಲಿ ತಪ್ಪೀನಿ ಅಂತ ತಿಳಿವಲ್ದು." ಮುಖ ಎತ್ತದೆ ಹೇಳಿದಳು. "ಮನಿಗಿ ಹೋದ ಮ್ಯಾಲ ಗುಳಿಗಿ ಮಗಳ ಕೈಯಾಗ ಕೊಟ್ಟು ಬಿಡ್ರಿ. ಜಹೀರಾಬಾದಿಗೇ ಹೋಗಿ ಇರೋಣ. ನನ್ನ ಕೈ ಬ್ಯಾಡ. ನನ್ನ ಕೈಲೆ ನಿಮಗ ವಿಷ ಹಾಕೀನಿ."

ಎದೆಯ ಲೋಹ ಟಿಕ್ ಎಂದಿತೋ ಇಲ್ಲವೋ ಗೊತ್ತಿಲ್ಲ.

"ಕಸ್ತೂರಿ, ನೀ ತಪ್ಪಿಲ್ಲ. ನಾ ಕದ್ದು ತಗೊಂಡೀನಿ. ಶನಿವಾರ, ಐತವಾರ. ದಸರಾದಿಂದ."

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಬೈಗುಳಕ್ಕೆ ಕಾದೆ.

"ಹಂಗಾದ್ರ ನಾ ಖಾಲಿ ಬಿಟ್ಟಿದ್ದು ಖರೇನಾ?" ಎಂದಳು.

"ಖರೇ."

"ಎರಡೂ ದಿನ?"

"ಎರಡೂ ದಿನ."

"ಎಲ್ಲಾ ವಾರ?"

"ಎಲ್ಲಾ ವಾರ."

ಡಬ್ಬಿ ಪಕ್ಕಕ್ಕಿಟ್ಟು ಎದ್ದಳು. ನನ್ನ ತೋಳಿಗೆ ಒಂದು ಬಿಟ್ಟಳು, ಚೆನ್ನಾಗಿಯೇ ಬಿಟ್ಟಳು. ಅಷ್ಟು ಸಿಟ್ಟಿನಲ್ಲೂ ಎದೆಯ ಹೊಲಿಗೆ ತಪ್ಪಿಸಿ ಹೊಡೆದದ್ದನ್ನು ನಾನು ಗಮನಿಸಿದೆ. "ಡಾಕ್ಟರ್ ಬರ್ತಾರ ಈಗ," ಎಂದಳು. "ಅವರಿಗಿ ಹೇಳ್ರಿ. ಅವತ್ತು ನನಗ ಅಂದಾಗ ಎಲ್ಲಾರು ಕೇಳ್ಯಾರ. ಎಲ್ಲಾರು ಕೇಳಂಗ ಹೇಳ್ರಿ."

ಹೇಳಿದೆ. ಡಾಕ್ಟರು ಬಂದಾಗ ಎದ್ದು ಕೂತು, ಅತ್ತಿತ್ತಲ ಮಂಚದವರಿಗೆಲ್ಲ ಕೇಳುವ ಹಾಗೆ, ತೆಲುಗಿನಲ್ಲಿ, ಸೀಮೆಸುಣ್ಣದ ಡಬ್ಬಿಯ ಸಮೇತ ಹೇಳಿದೆ. ಯಾರೋ ಕಿಸಕ್ಕನೆ ನಕ್ಕರು. ಡಾಕ್ಟರು ನನ್ನನ್ನು ಬೈಯಲಿಲ್ಲ. ಕಸ್ತೂರಿಯ ಕಡೆ ತಿರುಗಿ, ಅಮ್ಮಾ, ನೀವು ಸರಿಯಾಗೇ ಕೊಟ್ಟಿದ್ದೀರಿ, ನಾನು ದುಡುಕಿ ಮಾತಾಡಿದೆ ಎಂದರು. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಆಗಲಿ ಎನ್ನುವಂತೆ ಒಮ್ಮೆ ತಲೆಯಾಡಿಸಿದಳು, ಅಷ್ಟೇ.

ಅವರು ಮುಂದಿನ ಮಂಚಕ್ಕೆ ಹೋದ ಮೇಲೆ ಕಸ್ತೂರಿ ಚಾಪೆ ಹಾಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮಲಗಿದ ಗಳಿಗೆಗೇ ನಿದ್ದೆ. ಬಾಯಿ ತೆರೆದು, ಕೈ ಒಂದು ಕಡೆ ಚೆಲ್ಲಿ, ಗೊರಕೆ ಹೊಡೆಯುತ್ತ, ಕೂಲಿಯಿಂದ ಬಂದವರ ಹಾಗೆ ಮಲಗಿದ್ದಳು. ವಾರ್ಡಿನ ತುಂಬ ಜನ ಓಡಾಡುತ್ತಿದ್ದರು, ತಳ್ಳುಗಾಡಿಗಳು ಕಿರುಗುಡುತ್ತಿದ್ದವು, ಅವಳಿಗೆ ಯಾವುದರ ಪರಿವೆಯೂ ಇರಲಿಲ್ಲ. ನರ್ಸು ಗುಳಿಗೆಯ ಟ್ರೇ ಹಿಡಿದು ಬಂದಳು. ಬೀದರ ಕಡೆಯ ಹುಡುಗಿ.

"ಕಾಕಾ, ನಿಮ್ಮ ಮನಿಯವ್ರಿಗಿ ಏಳಸ್ರಿ. ಯಾವ ಗುಳಿಗಿ ಯಾವಾಗ ಅಂತ ತಿಳಿಸಿ ಹೇಳಬೇಕು."

"ಬ್ಯಾಡವ್ವ," ಎಂದೆ. "ಆಕಿ ಮಕ್ಕೊಳ್ಳಿ. ನನಗೇ ಹೇಳು, ಎರಡು ಸಲ ಹೇಳು."